ಟಿಕ್ ಮಾರಾಟಕ್ಕಿರಲಿ, ಅದನ್ನು ಓದುವ ಕೋಡ್ ತೆರೆದಿರಲಿ

ಶ್ರೀ ತುಹಿನ್ ಕಾಂತ ಪಾಂಡೆ ಅವರಿಗೆ,
ಅಧ್ಯಕ್ಷರು, ಸೆಬಿ, ಮುಂಬೈ

ಮಾನ್ಯರೇ,

ನಿಮ್ಮ ಮಂಡಳಿ 2019ರ ಏಪ್ರಿಲ್ 30ರಂದು ಹೊರಡಿಸಿದ ಆದೇಶವೊಂದರಿಂದಲೇ ಮಾತು ಶುರುಮಾಡುತ್ತೇನೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) 624.89 ಕೋಟಿ ರೂಪಾಯಿಯನ್ನು ಶೇ 12ರ ಬಡ್ಡಿ ಸಮೇತ ಕಕ್ಕಬೇಕು ಎಂದಿತ್ತು ಆ ಆದೇಶ. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ, ತಕ್ಕ ಎಚ್ಚರ ವಹಿಸದೇ ಹೋದದ್ದಕ್ಕೆ 100 ಕೋಟಿ ಕಟ್ಟಿದರೆ ಸಾಕು ಎಂದಿತು. ಮೊತ್ತದ ಜಗಳ ವಕೀಲರಿಗಿರಲಿ. ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರ ಕಣ್ಣಿಗೆ ಬಿದ್ದದ್ದು ಬೇರೆ. ಇಡೀ ಪ್ರಕರಣದ ಬೇರು ಇದ್ದದ್ದು ದತ್ತಾಂಶ ಹಂಚುವ ಒಂದು ಸಾಫ್ಟ್‌ವೇರ್‌ನ ವಿನ್ಯಾಸದಲ್ಲಿ.

ನಿಮಗೆ ಗೊತ್ತಿರುವುದೇ ಆದರೂ ಓದುಗರಿಗಾಗಿ ಹೇಳಬೇಕು. 2010ರಿಂದ 2014ರವರೆಗೆ ಎನ್‌ಎಸ್‌ಇ ತನ್ನ ಕೋ-ಲೊಕೇಷನ್ ಕೇಂದ್ರದಲ್ಲಿ (ಬಾಡಿಗೆ ಕಟ್ಟಿದ ಬ್ರೋಕರ್‌ಗಳ ಸರ್ವರ್‌ಗಳು ವಿನಿಮಯ ಕೇಂದ್ರದ ಪಕ್ಕದಲ್ಲೇ ಇರುವ ಜಾಗದಲ್ಲಿ) ಟಿಕ್-ಬೈ-ಟಿಕ್ ಫೀಡನ್ನು, ಅಂದರೆ ಪ್ರತಿಯೊಂದು ಆರ್ಡರ್ ಬಂದದ್ದು, ಬದಲಾದದ್ದು, ರದ್ದಾದದ್ದರ ಸುದ್ದಿಯನ್ನು, ಟಿಸಿಪಿ ಮೂಲಕ ಒಬ್ಬೊಬ್ಬರಿಗೇ ಕಳುಹಿಸುತ್ತಿತ್ತು. ಪಂಕ್ತಿಯಲ್ಲಿ ಒಂದು ತುದಿಯಿಂದ ಬಡಿಸುತ್ತಾ ಬಂದ ಹಾಗೆ. ಬೆಳಗ್ಗೆ ಯಾರು ಮೊದಲು ಸರ್ವರ್‌ಗೆ ಕನೆಕ್ಟ್ ಆದರೋ ಅವರ ಎಲೆಗೆ ಮೊದಲು. ತುದಿಯಲ್ಲಿ ಕುಳಿತವನಿಗೂ ಕೊನೆಯವನಿಗೂ ನಡುವಿನ ಅಂತರ ಮನುಷ್ಯರ ಗಮನಕ್ಕೆ ಬರುವಂಥದ್ದಲ್ಲ. ಆದರೆ ಅಲ್ಲಿ ಉಣ್ಣಲು ಕುಳಿತದ್ದು ಮನುಷ್ಯರಲ್ಲ, ಯಂತ್ರಗಳು. 2014ರಲ್ಲಿ ಮಲ್ಟಿಕಾಸ್ಟ್ ಬಂತು. ವಿನಿಮಯ ಕೇಂದ್ರ ಒಂದೇ ಪ್ಯಾಕೆಟ್ ಬಿಡುತ್ತದೆ, ಅದರ ಪ್ರತಿಗಳನ್ನು ನೆಟ್‌ವರ್ಕ್ ಸ್ವಿಚ್ಚೇ ಎಲ್ಲರ ಕಡೆಗೂ ಕಳುಹಿಸುತ್ತದೆ. ಪಟ್ಟಿಯಲ್ಲಿ ಮೊದಲು, ಕೊನೆ ಎಂಬುದು ಹೋಯಿತು.

ಹಳೆಯ ವಿನ್ಯಾಸದ ದೋಷ ಗಹನವಾದುದೇನಲ್ಲ. ಕಳುಹಿಸುವ ಪ್ರೋಗ್ರಾಂನ ಆ ಒಂದು ಲೂಪ್ ಸಾರ್ವಜನಿಕವಾಗಿ ಓದಲು ಸಿಕ್ಕಿದ್ದರೆ ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿಯೊಬ್ಬಳು, ‘ಸಾರ್, ಇದು ದಿನಾ ಒಂದೇ ಕಡೆಯಿಂದ ಯಾಕೆ ಶುರುವಾಗುತ್ತೆ?’ ಎಂದು ಕೇಳಿರುತ್ತಿದ್ದಳು. ಆಗಿದ್ದೇನು? 2015ರಲ್ಲಿ ಹೆಸರಿಲ್ಲದ ಒಂದು ದೂರಿನ ಪತ್ರ ನಿಮ್ಮ ಕಚೇರಿಗೆ ಬರಬೇಕಾಯಿತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವಿನಿಮಯ ಕೇಂದ್ರಗಳು ಮಾರುಕಟ್ಟೆ ದತ್ತಾಂಶವನ್ನು ಮಾರಲಿ, ಅದು ಅವುಗಳ ನ್ಯಾಯವಾದ ಆದಾಯ. ಆದರೆ ಆ ದತ್ತಾಂಶವನ್ನು ಹಂಚುವ ಮತ್ತು ಬಿಡಿಸಿ ಓದುವ ಸಾಫ್ಟ್‌ವೇರ್‌ನ ಮಾದರಿ ರೂಪವನ್ನು, ಪರೀಕ್ಷೆಗಳ ಸಮೇತ, ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಪ್ರಕಟಿಸುವಂತೆ ಸೆಬಿ ಹೇಳಬೇಕು.

‘ಫೀಡ್‌ನ ವಿವರಣೆಯ ಪಿಡಿಎಫ್ ನಮ್ಮ ಜಾಲತಾಣದಲ್ಲೇ ಇದೆಯಲ್ಲ’ ಎಂದು ಎನ್‌ಎಸ್‌ಇ ಹೇಳಬಹುದು. ಇದೆ, ನಿಜ. ಆ ಪಿಡಿಎಫ್ ಹಿಡಿದುಕೊಂಡು ದೇಶದ ಒಂದೊಂದು ಬ್ರೋಕರ್ ಕಚೇರಿಯಲ್ಲೂ ಯಾರೋ ಒಬ್ಬರು ಫೀಡ್ ಬಿಡಿಸಿ ಓದುವ ಅದೇ ಡಿಕೋಡರನ್ನು ಮತ್ತೆ ಮೊದಲಿನಿಂದ ಬರೆಯುತ್ತಿರುತ್ತಾರೆ. ಬೆಲೆ ರೂಪಾಯಿಯಲ್ಲಿ ಬರುವುದಿಲ್ಲ, ಪೈಸೆಯಲ್ಲಿ ಬರುತ್ತದೆ. ಕರೆನ್ಸಿ ವಿಭಾಗಕ್ಕೆ ಹೋದರೆ ಅಂಕಿಯನ್ನು 1 ಕೋಟಿಯಿಂದ ಭಾಗಿಸಬೇಕು. ನಡುವೆ ಪ್ಯಾಕೆಟ್ ಬಿಟ್ಟುಹೋದರೆ ಕ್ರಮಸಂಖ್ಯೆ ನೋಡಿ ಪತ್ತೆಹಚ್ಚಿ ರಿಕವರಿ ಸರ್ವರ್‌ನಿಂದ ಮತ್ತೆ ಕೇಳಿ ಪಡೆಯಬೇಕು, ಅಷ್ಟರಲ್ಲಿ ಬಂದ ಹೊಸ ಪ್ಯಾಕೆಟ್‌ಗಳನ್ನು ಕಾಯ್ದಿರಿಸಬೇಕು. ಇಂಥ ಮೂಲೆಗಳಲ್ಲೇ ತಪ್ಪು ಅಡಗಿರುವುದು. ಒಬ್ಬರು ತಿದ್ದಿಕೊಂಡ ತಪ್ಪು ಇನ್ನೊಬ್ಬರ ಕಚೇರಿಯಲ್ಲಿ ಹಾಗೇ ಉಳಿದಿರುತ್ತದೆ, ಏಕೆಂದರೆ ಇಬ್ಬರ ಕೋಡೂ ಬೀರುವಿನೊಳಗೆ. ದೊಡ್ಡ ಸಂಸ್ಥೆಗಳು ವೆಂಡರ್‌ಗೆ ಹಣ ಸುರಿದು ಪಾರಾಗುತ್ತವೆ. ಸಣ್ಣ ಬ್ರೋಕರ್ ಪರದಾಡುತ್ತಾನೆ.

ಇಷ್ಟಕ್ಕೂ ಓಪನ್ ಸೋರ್ಸ್ ಎಂಬುದು ವಿನಿಮಯ ಕೇಂದ್ರಗಳಿಗೆ ಹೊರಗಿನ ಗಾಳಿಯೇನಲ್ಲ. ಎನ್‌ಎಸ್‌ಇ ಪ್ರಸಾರ ಮಾಡುವ ಪ್ಯಾಕೆಟ್‌ಗಳನ್ನು ಕುಗ್ಗಿಸಿ ಕಳುಹಿಸಲು ಆರಿಸಿಕೊಂಡ ವಿಧಾನ ಎಲ್‌ಜೆಡ್‌ಒ. ಆಸ್ಟ್ರಿಯಾದ ಮಾರ್ಕುಸ್ ಓಬರ್‌ಹುಮರ್ ಬರೆದು ಜಿಪಿಎಲ್ ಲೈಸೆನ್ಸ್‌ನಲ್ಲಿ ಲೋಕಕ್ಕೆ ಕೊಟ್ಟದ್ದು. ಎಲ್ಲರದನ್ನು ಪಡೆದುಕೊಂಡವರು ತಮ್ಮದನ್ನು ಸ್ವಲ್ಪ ತೆರೆಯಲಿ ಎನ್ನುವುದು ಅತಿಯಾಸೆಯಲ್ಲ.

ಲಾಭಕ್ಕೇ ನಿಂತ ವಿನಿಮಯ ಕೇಂದ್ರವೊಂದು ಹೀಗೆ ಮಾಡಿದ ನಿದರ್ಶನವೂ ಇದೆ. ನ್ಯೂಯಾರ್ಕ್ ಷೇರುಪೇಟೆಯ ಒಡೆಯನಾಗಿದ್ದ ಎನ್‌ವೈಎಸ್‌ಇ ಯೂರೋನೆಕ್ಸ್ಟ್ 2008ರಲ್ಲಿ ವೊಂಬ್ಯಾಟ್ ಎಂಬ ಮಾರುಕಟ್ಟೆ ದತ್ತಾಂಶದ ಕಂಪನಿಯನ್ನು ಕೊಂಡಿತು. ವೊಂಬ್ಯಾಟ್‌ನ ‘ಮಾಮಾ’ ಎಂಬ ಸಾಫ್ಟ್‌ವೇರ್‌ನ ಕೆಲಸ ಸರಳ, ಉಪಕಾರ ದೊಡ್ಡದು: ಕೆಳಗೆ ಯಾವ ಕಂಪನಿಯ ಸಂದೇಶ ವ್ಯವಸ್ಥೆಯೇ ಇರಲಿ, ಮೇಲೆ ಪ್ರೋಗ್ರಾಂ ಬರೆಯುವವನಿಗೆ ಒಂದೇ ಬಗೆಯ ಎಪಿಐ. ವೆಂಡರ್ ಬದಲಿಸಿದರೆ ಇಡೀ ಕೋಡ್ ಕಿತ್ತು ಬರೆಯಬೇಕಿಲ್ಲ. 2011ರ ಅಕ್ಟೋಬರ್‌ನಲ್ಲಿ ಅದನ್ನು ‘ಓಪನ್‌ಮಾಮಾ’ ಎಂಬ ಹೆಸರಿನಲ್ಲಿ ಲಿನಕ್ಸ್ ಫೌಂಡೇಷನ್ ಆಶ್ರಯಕ್ಕೆ ಕೊಟ್ಟು ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿ ತೆರೆದರು. ಜೆ.ಪಿ. ಮಾರ್ಗನ್, ಬ್ಯಾಂಕ್ ಆಫ್ ಅಮೆರಿಕ ಮೆರಿಲ್ ಲಿಂಚ್ ಜೊತೆಗೂಡಿದವು. ಧರ್ಮಕಾರ್ಯಕ್ಕೆಂದು ಅಲ್ಲ, ಒಬ್ಬನೇ ವೆಂಡರ್‌ನ ಕೈಗೆ ಜುಟ್ಟು ಕೊಡುವುದು ಅವರಿಗೂ ಬೇಡವಾಗಿತ್ತು. ಮುಂದೆ 2014ರಲ್ಲಿ ಆ ದತ್ತಾಂಶ ವ್ಯವಹಾರ ಎಸ್‌ಆರ್ ಲ್ಯಾಬ್ಸ್‌ಗೆ ಮಾರಾಟವಾಯಿತು, ಆ ಕಂಪನಿ ವೇಲಾ ಎಂದಾಯಿತು, 2021ರಲ್ಲಿ ಎಕ್ಸೆಜಿ ಜೊತೆ ಸೇರಿತು. ಒಡೆಯರು ಬದಲಾದರು. ಕೋಡ್ ಇದ್ದಲ್ಲೇ ಇದೆ, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು.

ಆದರೆ ಅದನ್ನು ಹಾಗೇ ನಕಲು ಮಾಡಿ ಎನ್ನಲಾರೆ. ಅಲ್ಲಿ ತೆರೆದದ್ದು ಎಪಿಐ ಪದರವನ್ನು. ಒಂದೊಂದು ವಿನಿಮಯ ಕೇಂದ್ರದ ಫೀಡನ್ನು ಬಿಡಿಸಿ ಓದುವ ಫೀಡ್ ಹ್ಯಾಂಡ್ಲರ್‌ಗಳು ಮುಚ್ಚಿಯೇ ಉಳಿದವು, ಹಣವಿದ್ದದ್ದೂ ಅಲ್ಲೇ. ನಮ್ಮಲ್ಲಿ ತೆರೆಯಬೇಕಾದದ್ದು ಆ ಭಾಗ. ಅದನ್ನು ವೆಂಡರ್ ತಾನಾಗಿ ತೆರೆಯುವುದಿಲ್ಲ, ನಿಯಂತ್ರಕರು ಹೇಳಿದರೆ ವಿನಿಮಯ ಕೇಂದ್ರ ತೆರೆದೀತು.

ನಿಮ್ಮ ಅಧಿಕಾರಿಗಳು ಎತ್ತಬಹುದಾದ ಮೊದಲ ಆಕ್ಷೇಪ ದತ್ತಾಂಶದ ದುರ್ಬಳಕೆಯದು. ನೇರ ಬೆಲೆಗಳನ್ನು ಇಟ್ಟುಕೊಂಡು ಆಟದ ಆ್ಯಪ್ ನಡೆಸುವವರನ್ನು, ‘ಶಿಕ್ಷಣ’ದ ಹೆಸರಿನಲ್ಲಿ ಟಿಪ್ಸ್ ಮಾರುವವರನ್ನು ತಡೆಯಲು 2024ರ ಮೇ ತಿಂಗಳಲ್ಲಿ ನೀವು ನಿಯಮ ತಂದಿರಿ. 2025ರ ಜನವರಿಯಲ್ಲಿ, ಕಲಿಸುವವರು ಮೂರು ತಿಂಗಳಿಗಿಂತ ಹಳೆಯ ಬೆಲೆಯನ್ನಷ್ಟೇ ಬಳಸಬೇಕೆಂದಿರಿ. ನನಗೆ ತಕರಾರಿಲ್ಲ. ಡಿಕೋಡರ್‌ಗೆ ನಿನ್ನೆಯ ಪ್ಯಾಕೆಟ್ಟೂ ಒಂದೇ, ಮೂರು ತಿಂಗಳ ಹಿಂದಿನದೂ ಒಂದೇ. ಹಳೆಯದೊಂದು ದಿನದ, ಅದರಲ್ಲೂ ಪೇಟೆ ಅಲ್ಲೋಲಕಲ್ಲೋಲವಾದ ದಿನದ, ಕಚ್ಚಾ ಫೀಡನ್ನು ಕೋಡ್ ಜೊತೆಗಿಟ್ಟರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಬೇಡ. ನಿಯಮದ ಆಶಯಕ್ಕೆ ಧಕ್ಕೆಯಿಲ್ಲ.

ಎರಡನೆಯದು ಸೈಬರ್ ಭದ್ರತೆ. ಇದಕ್ಕೆ ನಿಮ್ಮದೇ ದಾಖಲೆ ಉತ್ತರ ಕೊಟ್ಟಿದೆ. 2024ರ ಆಗಸ್ಟ್‌ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ, ಮುಖ್ಯ ವ್ಯವಸ್ಥೆಗಳ ಸಾಫ್ಟ್‌ವೇರ್‌ನೊಳಗೆ ಏನೇನು ಭಾಗಗಳಿವೆ ಎಂಬ ಪಟ್ಟಿ ಇರಬೇಕು ಎಂದಿದ್ದೀರಿ. ಒಳಗೇನಿದೆ ಎಂದು ತಿಳಿದಿರುವುದೇ ಭದ್ರತೆ ಎಂದು ನಂಬಿದವರು, ಬರೀ ದತ್ತಾಂಶ ಓದುವ ಕೋಡ್ ತೋರಿಸಲು ಹೆದರಬೇಕಿಲ್ಲ. ಆರ್ಡರ್ ಹೊಂದಿಸುವ ಎಂಜಿನ್ನನ್ನಾಗಲಿ ಪಾಸ್‌ವರ್ಡ್‌ಗಳನ್ನಾಗಲಿ ಯಾರೂ ಕೇಳುತ್ತಿಲ್ಲ.

ಕೋಡ್ ತೆರೆದ ಮಾತ್ರಕ್ಕೆ ಎಲ್ಲರೂ ಸಮಾನರಾಗುತ್ತಾರೆ ಎಂದೂ ನಾನು ಹೇಳುತ್ತಿಲ್ಲ. ರ್‍ಯಾಕ್ ಬಾಡಿಗೆ ಕಟ್ಟಬಲ್ಲವನು ವಿನಿಮಯ ಕೇಂದ್ರದ ಪಕ್ಕದಲ್ಲೇ ಇರುತ್ತಾನೆ, ಕಟ್ಟಲಾರದವನು ದೂರ. ಪ್ರಕಟವಾದ ಕೋಡೇ ಸರ್ವರ್‌ನಲ್ಲೂ ಓಡುತ್ತಿದೆಯೇ ಎಂದು ನೋಡಲು ಆಡಿಟ್ ಬೇಕೇ ಬೇಕು. ಆದರೆ ಆಡಿಟರ್‌ನ ಕೈಯಲ್ಲಿ ಹೋಲಿಸಿ ನೋಡಲು ಒಂದು ಸಾರ್ವಜನಿಕ ಮಾದರಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಬ್ಯಾಡಗಿ ಮೆಣಸಿನಕಾಯಿಗೆ, ಶಿವಮೊಗ್ಗದ ಅಡಿಕೆಗೆ ಮಂಡಿಯಲ್ಲಿ ಸಿಕ್ಕ ದರ ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ಮೂಲಕ ಯಾರಿಗೆ ಬೇಕಾದರೂ ಸಿಗುತ್ತದೆ. ಅದು ದಿನಕ್ಕೊಮ್ಮೆ ಬರುವ ಅಂಕಿ, ಷೇರುಪೇಟೆಯ ವೇಗವೇ ಬೇರೆ, ಗೊತ್ತು. ಆದರೂ ಮಂಡಿಯ ದರವೇ ಬಿಟ್ಟಿ ಸಿಗುವ ದೇಶದಲ್ಲಿ ಷೇರಿನ ದರವನ್ನು ಓದುವ ಬಗೆಯಾದರೂ ಬಿಟ್ಟಿಯಾಗಿರಲಿ ಅನ್ನಿಸುತ್ತದೆ.

ಈ ಕೆಲಸಕ್ಕೆ ಕೈಗಳ ಕೊರತೆಯಿಲ್ಲ. 1963ರಲ್ಲಿ ಹುಟ್ಟಿದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ನಿಮ್ಮ ಅನುಮತಿಯೊಂದಿಗೇ ಬಾಗಿಲು ಹಾಕಿತು. ಆದರೆ ಬ್ರೋಕರ್ ಕಂಪನಿಗಳಾದ ಝೆರೋಧಾ, ಗ್ರೋ ಎರಡೂ ಈ ಊರಿನವೇ. ಝೆರೋಧಾ ತನ್ನ ಎಪಿಐ ಲೈಬ್ರರಿಗಳನ್ನು ತೆರೆದಿಟ್ಟಿದೆ. 2024ರಿಂದ ವರ್ಷಕ್ಕೆ 10 ಲಕ್ಷ ಡಾಲರ್‌ನ ಓಪನ್ ಸೋರ್ಸ್ ನಿಧಿಯನ್ನೂ ನಡೆಸುತ್ತಿದೆ. ಹಾಗೆಂದು ಮಾದರಿ ಕೋಡಿನ ಉಸ್ತುವಾರಿ ಯಾವ ಬ್ರೋಕರ್‌ಗೂ ಸೇರಬಾರದು.

ಎಲ್ಲ ಫೀಡ್‌ಗಳನ್ನೂ ಒಟ್ಟಿಗೆ ತೆರೆಯಬೇಕೆಂದೇನೂ ಇಲ್ಲ. ಎನ್‌ಎಸ್‌ಇ, ಬಿಎಸ್‌ಇ ಎರಡರಿಂದಲೂ ನಗದು ವಿಭಾಗದ ಒಂದೊಂದು ಫೀಡ್ ಆರಿಸಿ, ಅದರ ಡಿಕೋಡರ್, ಮಲ್ಟಿಕಾಸ್ಟ್ ಕಳುಹಿಸುವ ಮಾದರಿ ಪ್ರೋಗ್ರಾಂ ಮತ್ತು ಒಂದು ದಿನದ ಹಳೆಯ ಪ್ಯಾಕೆಟ್‌ಗಳು, ಇಷ್ಟನ್ನು ಪ್ರಕಟಿಸುವ ಬಗ್ಗೆ ಸೆಬಿ ಒಂದು ಸಮಾಲೋಚನಾ ಪತ್ರ ಹೊರಡಿಸಲಿ. ಅದಕ್ಕೆ ಪ್ರತಿಕ್ರಿಯೆ ಬರೆಯುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.

ವಿಶ್ವಾಸದಿಂದ,
ಬೆಂಗಳೂರಿನ ಒಬ್ಬ ಪ್ರೋಗ್ರಾಮರ್