ಮಹಾವೀರಾಚಾರ್ಯರ ಸಂಖ್ಯಾಹಾರ ಶಾಲೆಗೆ ಬರಲಿ

12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದರೆ 1,234 ಕೋಟಿ 56 ಲಕ್ಷ 54 ಸಾವಿರದ 321.

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಗುಣಾಕಾರದ ಲೆಕ್ಕವಾಗಿ ಕೊಟ್ಟರು. 27994681ನ್ನು 441ರಿಂದ ಗುಣಿಸಿದರೆ ಸಿಗುವ ಉತ್ತರವಿದು. ಇಂಥ ಗುಣಲಬ್ಧಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದರು. ಗ್ರಂಥ ಸಂಸ್ಕೃತದ್ದಾದರೂ ಅದರ ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ನೆಲದ ನಂಟಿರುವ ಈ ಲೆಕ್ಕ ಇಂದಿನ ಕನ್ನಡ ಶಾಲೆಯ ಕರಿಹಲಗೆಯ ಮೇಲೂ ಇರಬೇಕು. ಹಳೆಯದೆಂಬ ಹೆಮ್ಮೆಗಾಗಿ ಅಲ್ಲ, ಅದರೊಳಗೆ ಕಲಿಯಲು ಅಷ್ಟಿದೆ ಎಂಬ ಕಾರಣಕ್ಕೆ.

ಚೌಕುಳಿ ಪುಸ್ತಕದ ಹಾಳೆಯೊಂದರಲ್ಲಿ 111111ನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳು ಬರುತ್ತವೆ, ಎಲ್ಲವೂ ಬರೀ ಒಂದುಗಳೇ. ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಟ್ಟನಡುವೆ ಆರು. ಅಲ್ಲಿಂದ ಮತ್ತೆ ಇಳಿಕೆ. ಕೂಡುವಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾರ ತಾನಾಗಿ ಮೂಡುತ್ತದೆ!

ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳ ವರ್ಗಕ್ಕೆ ಬಂದಾಗ ನಡುವಿನ ಮೊತ್ತ ಹತ್ತಾಗಿ, ಕೈಯಲ್ಲಿ ಒಂದು ಉಳಿದು, ಉತ್ತರ 1234567900987654321 ಆಗುತ್ತದೆ. ಎಡಗಡೆಯ ಮೆಟ್ಟಿಲು ಮುರಿಯಿತು. ಸ್ಥಾನಬೆಲೆ ಎಂದರೇನೆಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇನ್ನು 441 ಎಲ್ಲಿಂದ ಬಂತು? 111111ನ್ನು ಬಿಡಿಸಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ಮೂರೇಳಲಿ ಇಪ್ಪತ್ತೊಂದು, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗವೇ 27994681. ನೋಡಲು ಯಾವ ಚೆಲುವೂ ಇಲ್ಲದ ಎರಡು ಸಂಖ್ಯೆಗಳಲ್ಲಿ ಒಂದೇ ಹಾರದ ಮಣಿಗಳು ಹಂಚಿಹೋಗಿವೆ. ಆ ಹಾರದ ಅಂಕಿಗಳನ್ನೆಲ್ಲ ಕೂಡಿದರೆ 36, ಅಂದರೆ ಆರರ ವರ್ಗ.

ಪಾಠ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಶಿಕ್ಷಕರು ಕೇಳಬಹುದು. ಅವರ ಕಷ್ಟ ನಿಜವೇ. ಆದರೆ ಇಲ್ಲಿ ಹೊಸ ಪಾಠವೇನಿಲ್ಲ. ಗುಣಾಕಾರ, ವರ್ಗ, ಅಪವರ್ತನ, ಸ್ಥಾನಬೆಲೆ ಎಲ್ಲವೂ ಮಕ್ಕಳು ಹೇಗೂ ಕಲಿಯಬೇಕಾದವು. ಬೇರೆ ಬೇರೆ ದಿನ, ಬೇರೆ ಬೇರೆ ಲೆಕ್ಕಗಳಲ್ಲಿ ಬರುವ ಅವೆಲ್ಲ ಒಂದೇ ಸಂಖ್ಯೆಯ ಸುತ್ತ ಕೂಡಿಕೊಂಡರೆ ಒಂದಕ್ಕೊಂದು ಇರುವ ಸಂಬಂಧ ಮಗುವಿಗೆ ಕಾಣುತ್ತದೆ. ಅಡುಗೆಯಿಂದ ಸಂಗೀತದವರೆಗೆ, ವೈದ್ಯದಿಂದ ವಾಸ್ತುವಿನವರೆಗೆ ಗಣಿತ ಬೇಕೆಂದು ಗ್ರಂಥದ ಮೊದಲಲ್ಲೇ ಸಾರಿದ ಮಹಾವೀರಾಚಾರ್ಯರು, ಉಪಯೋಗದ ಜೊತೆಗೆ ಚೆಲುವಿಗೂ ಜಾಗ ಕೊಟ್ಟಿದ್ದರು.

ಸಾಮಗ್ರಿಯ ಕೊರತೆಯಿಲ್ಲ. ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲೇ ಮದ್ರಾಸಿನಿಂದ ಹೊರತಂದರು. ಅಪವರ್ತನದ ಪಾಠದ ಕೊನೆಗೆ ಅರ್ಧ ಪುಟ ಸಾಕು. ಅದೇ ಗ್ರಂಥದ ಇನ್ನೊಂದು ಲೆಕ್ಕವನ್ನು, 152207ನ್ನು 73ರಿಂದ ಗುಣಿಸುವುದನ್ನು, ಅಲ್ಲಿ ಕೊಟ್ಟು ಉತ್ತರವನ್ನು ಮಾತ್ರ ಅಚ್ಚು ಹಾಕದೆ ಬಿಡಲಿ.