ನೀರು ನೋಡದೆ ದೋಣಿ ಇಳಿಸಬೇಡಿ

ಏಪ್ರಿಲ್ ಮೂರನೆಯ ಶನಿವಾರ ಹತ್ತಿರವಾಗುತ್ತಿದ್ದಂತೆ ನಮ್ಮೂರಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ ಮಾತು: ‘ಹೊಳೆ ಎಷ್ಟಿದೆ?’ ನಮ್ಮೂರು ಎಂದರೆ ಈಗ ನಾನು ಬದುಕು ಕಟ್ಟಿಕೊಂಡಿರುವ ಬ್ಯಾಂಗೋರ್, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಸಣ್ಣ ಪಟ್ಟಣ. ಹೊಳೆ ಎಂದರೆ ಕೆಂಡಸ್ಕೀಗ್. ಅದು ಪಟ್ಟಣದ ಪೇಟೆಯ ನಡುವೆಯೇ ಹರಿದು ಪೆನಾಬ್‌ಸ್ಕಾಟ್ ನದಿಯನ್ನು ಸೇರುತ್ತದೆ. 1967ರಲ್ಲಿ ಶುರುವಾದ ಇಲ್ಲಿನ ಕನೂ ಸ್ಪರ್ಧೆ ಕೆಂಡಸ್ಕೀಗ್ ಎಂಬ ಹಳ್ಳಿಯಿಂದ ಬ್ಯಾಂಗೋರಿನ ಪೇಟೆಯವರೆಗೆ 16.5 ಮೈಲಿ ಸಾಗುತ್ತದೆ. ನಮ್ಮ ಲೆಕ್ಕದಲ್ಲಿ 26 ಕಿಲೋಮೀಟರಿಗೆ ತುಸು ಹೆಚ್ಚು. ಅಪ್ಪ-ಮಗಳು, ಗಂಡ-ಹೆಂಡತಿ, ಕಚೇರಿಯ ಗೆಳೆಯರು, ಎಪ್ಪತ್ತು ದಾಟಿದ ಹಿರಿಯರು, ಹೀಗೆ ಊರಿಗೆ ಊರೇ ದೋಣಿ ಹತ್ತುವ ಹಬ್ಬವದು.

ಮೊದಲ ಹತ್ತು ಮೈಲಿ ಹೊಳೆ ಸಮಾಧಾನವಾಗಿ ಹರಿಯುತ್ತದೆ. ಆಮೇಲೆ ಸಿಕ್ಸ್ ಮೈಲ್ ಫಾಲ್ಸ್. ಅಲ್ಲಿಂದ ಊರು ಮುಟ್ಟುವತನಕ ಬಂಡೆ, ಸೆಳವು, ತಿರುವು. ನೀರು ಏರಿರುವ ವರ್ಷ, ಸ್ಪರ್ಧೆಗೆ ಮೊದಲು ದಡದ ಮೇಲೆ ನಡೆದು ಈ ಸೆಳವುಗಳನ್ನು ಕಣ್ಣಾರೆ ನೋಡದವರನ್ನು ನೀರಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮಾತನ್ನು ಇಲ್ಲಿ ಹೇಳುವಷ್ಟೇ ಗಟ್ಟಿಯಾಗಿ ನಮ್ಮ ಕರ್ನಾಟಕದ ಕಾಳಿ, ಬರಪೊಳೆ ನದಿಗಳ ದಡದಲ್ಲೂ ಹೇಳಬೇಕಾಗಿದೆ.

ನಾನು ಬೆಳೆದದ್ದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಬದಿಯಲ್ಲಿ. ತಾರಿ ದಾಟಿಸುವ ಅಂಬಿಗರು ಮಳೆಗಾಲದಲ್ಲಿ ಪಾತಿ ದೋಣಿಯ ಹಗ್ಗ ಬಿಚ್ಚುವ ಮೊದಲು ದಡದಲ್ಲಿ ನಿಂತು ಹೊಳೆಯನ್ನೇ ನೋಡುತ್ತಿದ್ದರು. ನೀರಿನ ಬಣ್ಣ ಬದಲಾಗಿದೆಯೇ, ನೊರೆ ಯಾವ ಬದಿಗೆ ಸರಿಯುತ್ತಿದೆ, ಘಟ್ಟದ ಕಡೆಯಿಂದ ಮರದ ದಿಮ್ಮಿ ತೇಲಿ ಬರುತ್ತಿದೆಯೇ ಎಂದು ನೋಡುವುದು. ಶಾಲೆಗೆ ಹೊತ್ತಾಯಿತು ಎಂದು ನಾವು ಮಕ್ಕಳು ಗೋಗರೆದರೆ, ‘ತಡಿಯೇ ತಂಗಿ, ನೀರು ಏರ್ತದೆ’ ಎಂದು ಮತ್ತೆ ಹೊಳೆಯ ಕಡೆ ತಿರುಗುತ್ತಿದ್ದರು. ಆ ನಿಲುವಿನಲ್ಲಿ ಹೆದರಿಕೆ ಇರಲಿಲ್ಲ. ಹುಟ್ಟು ಹಾಕುವುದು ಹೇಗೆ ಕೆಲಸವೋ ಹಾಗೆಯೇ ನೋಡುವುದೂ ಕೆಲಸದ ಒಂದು ಭಾಗ.

ನೋಡಬೇಕು ಯಾಕೆ? ನೀರು ಏರಿದರೆ ಹೊಳೆ ಬೇರೆಯದೇ ಆಗಿಬಿಡುತ್ತದೆ. ನೀರು ಕಡಿಮೆ ಇದ್ದಾಗ ತಲೆ ಎತ್ತಿ ನಿಂತಿರುವ ಬಂಡೆ, ಏರಿದಾಗ ಮುಳುಗುತ್ತದೆ. ಕಣ್ಣಿಗೆ ದಾರಿ ಸಲೀಸಾದಂತೆ ಕಾಣುತ್ತದೆ. ಆದರೆ ಬಂಡೆಯನ್ನು ಹತ್ತಿ ಇಳಿದ ನೀರು ಅದರ ಹಿಂದೆ ಮಗುಚಿ, ಮೇಲ್ಮೈಯಲ್ಲಿ ಬಂಡೆಯ ಕಡೆಗೇ ವಾಪಸು ಉರುಳುತ್ತದೆ. ದೋಣಿಗರು ಇದನ್ನು ಹೋಲ್ ಎನ್ನುತ್ತಾರೆ. ಅದರೊಳಗೆ ಅಡ್ಡಲಾಗಿ ಬಿದ್ದ ದೋಣಿಯನ್ನು, ಕೆಲವೊಮ್ಮೆ ಮನುಷ್ಯರನ್ನೂ, ಅದು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಲೆಕ್ಕ ಭೌತಶಾಸ್ತ್ರದ್ದು. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮಗುಚಿದ ಕನೂವಿನೊಳಗೆ ತುಂಬಿದ ನೀರು ನೂರಾರು ಕಿಲೋ ತೂಗುತ್ತದೆ. ಆ ದೋಣಿ ಮತ್ತು ಬಂಡೆಯ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದು ತೋಳಿನ ಬಲಕ್ಕೆ ಮೀರಿದ್ದು.

ಎಲ್ಲಕ್ಕಿಂತ ನನ್ನನ್ನು ಹೆದರಿಸುವುದು ಮರಗಳು. ದಡ ಕುಸಿದು ಹೊಳೆಗೆ ಬಿದ್ದ ಮರದ ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಸೋಸಿದಂತೆ ಹಾದುಹೋಗುತ್ತದೆ, ಮೈ ಹಾದುಹೋಗುವುದಿಲ್ಲ. ಎಷ್ಟೇ ಪಳಗಿದವರಾದರೂ ಅಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಅಂಥ ಮರ ನಿನ್ನೆ ರಾತ್ರಿಯೂ ಬಿದ್ದಿರಬಹುದು.

ಏಪ್ರಿಲ್‌ನಲ್ಲಿ ಇಲ್ಲಿ ಹರಿಯುವುದು ಆಗ ತಾನೇ ಕರಗಿದ ಹಿಮ. ನೆಲ ಇನ್ನೂ ಪೂರ್ತಿ ಸಡಿಲವಾಗಿರುವುದಿಲ್ಲ, ಬಿದ್ದ ಮಳೆಯನ್ನು ಹೀರುವುದಿಲ್ಲ, ಹಾಗಾಗಿ ಒಂದು ರಾತ್ರಿಯ ಮಳೆಗೆ ಹೊಳೆ ಬದಲಾಗುತ್ತದೆ. ತಣ್ಣೀರಿಗೆ ಬಿದ್ದವರ ಬಗ್ಗೆ ಇಲ್ಲಿ ಕಲಿಸುವ ಸೂತ್ರ 1-10-1: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಎಚ್ಚರ ತಪ್ಪುವ ಮೊದಲು ಸುಮಾರು ಒಂದು ಗಂಟೆ. ಸೆಳವುಗಳನ್ನು ಕಷ್ಟದ ಪ್ರಕಾರ ಒಂದರಿಂದ ಆರರವರೆಗೆ ವಿಂಗಡಿಸುವ ಅಂತರರಾಷ್ಟ್ರೀಯ ಅಳತೆಯಲ್ಲೂ ಒಂದು ಎಚ್ಚರಿಕೆ ಇದೆ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹೊಳೆಯನ್ನು ಒಂದು ದರ್ಜೆ ಹೆಚ್ಚು ಕಷ್ಟದ್ದೆಂದೇ ಎಣಿಸಬೇಕು.

ಇನ್ನು ನೋಡುವ ಬಗೆ. ಸಿಕ್ಸ್ ಮೈಲ್ ಫಾಲ್ಸ್ ಬಳಿ ರಸ್ತೆಯ ಸೇತುವೆ ಇದೆ. ಸ್ಪರ್ಧೆಯ ದಿನ ಜನ ಕಿಕ್ಕಿರಿಯುವ ಜಾಗ. ಹೆಚ್ಚಿನವರು ಕಾರು ನಿಲ್ಲಿಸಿ ಸೇತುವೆಯ ಮೇಲಿಂದಲೇ ಒಮ್ಮೆ ಇಣುಕಿ ಹೊರಡುತ್ತಾರೆ. ಅದು ಸಾಲದು. ಎತ್ತರದಿಂದ ನೋಡಿದಾಗ ಅಲೆಗಳು ತಗ್ಗಿದಂತೆ ಕಾಣುತ್ತವೆ. ಕೆಳಗಿಳಿದು, ನೀರಿನ ಅಂಚಿನಲ್ಲಿ ಮಂಡಿಯೂರಿ, ದೋಣಿಯಲ್ಲಿ ಕೂತವರ ಕಣ್ಣಿನ ಮಟ್ಟದಿಂದ ನೋಡಬೇಕು. ನಾನು ದೋಣಿಯ ಮುಂದಿನ ಸೀಟಿನವಳು. ಬಂಡೆ ಮೊದಲು ಕಾಣಬೇಕಾದದ್ದು ನನಗೆ, ಅದಕ್ಕೇ ಈ ಮಂಡಿಯೂರುವುದನ್ನು ನಾನೆಂದೂ ಬಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರು ಈ ಹೊಳೆಯ ಬದಿಯಲ್ಲೇ ಬೆಳೆದವರು. ಅವರು ಸೆಳವಿನ ಕೆಳತುದಿಯಿಂದ ಶುರುಮಾಡಿ ಮೇಲಕ್ಕೆ ನಡೆಯುತ್ತಾರೆ. ಮೇಲಿನಿಂದ ನೋಡಿದರೆ ನೀರಿನ ಅಂಚು ಗೆರೆ ಎಳೆದಂತೆ ಕಂಡು ಅಲ್ಲಿಗೇ ನೋಟ ನಿಲ್ಲುತ್ತದೆ. ಗೆರೆಯಾಚೆ ಎಷ್ಟು ಆಳಕ್ಕೆ ಧುಮುಕುತ್ತದೆ, ಮಗುಚಿದ ಮೇಲೆ ಈಜಿ ಸೇರಲು ಶಾಂತವಾದ ಮಡು ಇದೆಯೋ ಇನ್ನೊಂದು ಸೆಳವು ಕಾದಿದೆಯೋ, ಇವೆಲ್ಲ ಕೆಳಗಿನಿಂದಲೇ ತಿಳಿಯಬೇಕು.

ನೀರಿನ ಮೇಲೆ ಬೀಳುವ ಆಕಾರಗಳನ್ನೂ ಓದಬೇಕು. ಇಂಗ್ಲಿಷಿನ ವಿ ಅಕ್ಷರದ ಚೂಪು ಕೆಳಹರಿವಿನ ಕಡೆಗಿದ್ದರೆ ಅದು ಎರಡು ಬಂಡೆಗಳ ನಡುವಿನ ದಾರಿ. ಚೂಪು ನಮ್ಮ ಕಡೆಗೇ ತಿರುಗಿದ್ದರೆ ಅದರ ತುದಿಯಲ್ಲಿ ಬಂಡೆ ಅಡಗಿದೆ. ಒಂದು ಒಣ ಕೊಂಬೆಯನ್ನು ಎಸೆದು ಎಲ್ಲಿ ಹೋಗುತ್ತದೆ, ಎಲ್ಲಿ ಮುಳುಗುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಎಣಿಸಬೇಕು. ಆಮೇಲೆ ದಡದ ಮೇಲಿನ ಗುರುತು ಹಿಡಿಯಬೇಕು: ಬಾಗಿದ ಪೈನ್ ಮರವೋ ಒಂಟಿ ಬಂಡೆಯೋ. ದೋಣಿಯಲ್ಲಿ ಕೂತು ಅಲೆಗಳ ನಡುವೆ ಇಳಿದಾಗ ದಡದಿಂದ ಕಂಡ ಚಿತ್ರ ಸಿಗುವುದಿಲ್ಲ, ಆ ಗುರುತುಗಳು ಮಾತ್ರ ಸಿಗುತ್ತವೆ. ಕೊನೆಗೆ ನಾವಿಬ್ಬರೂ ಒಬ್ಬರಿಗೊಬ್ಬರು ದಾರಿಯನ್ನು ಬಾಯಿಬಿಟ್ಟು ಹೇಳುತ್ತೇವೆ. ಹೇಳಿದ ದಾರಿ ಇಬ್ಬರದೂ ಒಂದೇ ಆಗುವತನಕ ಅಲ್ಲಿಂದ ಕದಲುವುದಿಲ್ಲ.

ಈಗಿನ ಹುಡುಗರು ವಿಡಿಯೊ ನೋಡಿ ಬರುತ್ತಾರೆ. ತಲೆಗೆ ಕಟ್ಟಿಕೊಂಡ ಕ್ಯಾಮೆರಾದ ಅಗಲ ಲೆನ್ಸ್ ಇಳಿಜಾರನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಬೇರೆ ವರ್ಷದ, ಬೇರೆ ಮಟ್ಟದ ನೀರು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಮಾಪಕಗಳು ದೇಶದ ಸಾವಿರಾರು ಹೊಳೆಗಳ ಹರಿವನ್ನು ಅಳೆಯುತ್ತವೆ, ಅದನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ಬಹಳ ಉಪಯುಕ್ತ ವ್ಯವಸ್ಥೆ, ನಾನೂ ದಿನಾ ನೋಡುತ್ತೇನೆ. ಆದರೆ ಮಾಪಕ ಹೇಳುವುದು ಎಷ್ಟು ನೀರು ಎಂಬುದನ್ನು ಮಾತ್ರ. ಮರ ಎಲ್ಲಿ ಬಿದ್ದಿದೆ ಎಂದು ಅದು ಹೇಳುವುದಿಲ್ಲ.

ಅನುಭವಿಗಳ ವಾದ ಬೇರೆ: ‘ಈ ಹೊಳೆ ನನಗೆ ಗೊತ್ತು, ನೋಡಿದಷ್ಟೂ ಭಯ ಹೆಚ್ಚುತ್ತದೆ.’ ಈ ಮಾತಿನ ಎರಡನೆಯ ಭಾಗವನ್ನು ನಾನು ಒಪ್ಪುತ್ತೇನೆ. ಭಯ ಹೆಚ್ಚಾದರೆ ಹೆಚ್ಚಾಗಲಿ, ದಡದ ಮೇಲೆ ನಿಂತಾಗ ಹುಟ್ಟಿದ ಭಯಕ್ಕೆ ಮಾಡಲು ಕೆಲಸವಿದೆ: ಬೇರೆ ದಾರಿ ಹುಡುಕಬಹುದು, ದೋಣಿ ಹೊತ್ತು ನಡೆಯಬಹುದು, ಮನೆಗೆ ಹೋಗಬಹುದು. ಸೆಳವಿನ ಬಾಯಿಯಲ್ಲಿ ಹುಟ್ಟಿದ ಭಯಕ್ಕೆ ಯಾವ ದಾರಿಯೂ ಇಲ್ಲ.

ಹೊತ್ತು ನಡೆಯುವುದೆಂದರೆ ಸೋಲು ಎಂದು ತಿಳಿಯುವವರು ಕನೂವಿನ ಚರಿತ್ರೆ ನೋಡಲಿ. ಪೆನಾಬ್‌ಸ್ಕಾಟ್ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಕಟ್ಟಿದ ದೋಣಿಯ ಹೆಚ್ಚುಗಾರಿಕೆಯೇ ಅದನ್ನು ಹೆಗಲ ಮೇಲೆ ಹೊರಬಹುದು ಎನ್ನುವುದು. 1857ರಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ ಮೇನ್ ಕಾಡುಗಳಲ್ಲಿ ಸುತ್ತಿದಾಗ ದಾರಿ ತೋರಿಸಿದ ಜೋ ಪೋಲಿಸ್ ಆ ಸಮುದಾಯದ ಜಾಣ ದೋಣಿಗ. ಒಂದು ನೀರಿನಿಂದ ಇನ್ನೊಂದು ನೀರಿಗೆ ದೋಣಿ ಹೊತ್ತು ದಾಟುವ ಕಾಲುದಾರಿಗಳು ಆ ಪಯಣದುದ್ದಕ್ಕೂ ಇದ್ದವು. ನಮ್ಮ ಸ್ಪರ್ಧೆಯಲ್ಲೂ ಊರಿನ ಹತ್ತಿರದ ಹಳೆಯ ಗಿರಣಿ ಅಣೆಕಟ್ಟೆಯ ಬಳಿ ದೋಣಿ ಹೊತ್ತು ನಡೆಯುತ್ತಾರೆ, ಅಲ್ಲಿ ಯಾರಿಗೂ ಅವಮಾನವಿಲ್ಲ. ಸಿಕ್ಸ್ ಮೈಲ್ ಫಾಲ್ಸ್‌ನಲ್ಲಿ ಮಾತ್ರ ದಡ ತುಂಬಿದ ಜನ ಯಾರು ಮಗುಚುತ್ತಾರೋ ಎಂದು ಕಾಯುತ್ತಾರೆ. ಆ ಕೇಕೆಗೆ ಅಂಜಿ ಹೊತ್ತು ನಡೆಯಬೇಕಾದವರೂ ನೀರಿಗೆ ನುಗ್ಗುತ್ತಾರೆ. ದೋಣಿ ಹೊತ್ತು ನಡೆಯುವವರಿಗೆ ಅದೇ ಜನ ಚಪ್ಪಾಳೆ ತಟ್ಟುವುದನ್ನು ನೋಡುವ ಆಸೆ ನನಗೆ.

ಇನ್ನು ನಮ್ಮ ನಾಡಿನ ಮಾತು. ಗಣೇಶಗುಡಿಯಲ್ಲಿ ಕಾಳಿಯ ಹರಿವು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿದೆ. ವಿದ್ಯುತ್ ಉತ್ಪಾದನೆ ಏರಿಳಿದಂತೆ ಹೊಳೆಯೂ ಏರಿಳಿಯುತ್ತದೆ. ಕೊಡಗಿನ ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ, ಬ್ರಹ್ಮಗಿರಿ ಬೆಟ್ಟಗಳ ಮಳೆ ನೇರ ಬಂದು ತುಂಬುವಾಗ. ಎರಡೂ ಕಡೆ ಬರುವವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ರಾತ್ರಿಯಿಡೀ ಪಯಣಿಸಿ ಬಂದ ಹುಡುಗ ಹುಡುಗಿಯರು. ಬಹಳ ಜನಕ್ಕೆ ಈಜು ಬಾರದು. ಗೈಡ್‌ಗಳಲ್ಲಿ ಹೊಳೆಯನ್ನು ಚೆನ್ನಾಗಿ ಓದಬಲ್ಲವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಗೈಡ್ ನೋಡಿದರೆ ಸಾಲದು. ಜೀವ ಒಡ್ಡುವವರು ತಾವೇ ನೋಡಬೇಕು. ಸುರಕ್ಷತೆ ಎಂದರೆ ಲೈಫ್ ಜಾಕೆಟ್, ಹೆಲ್ಮೆಟ್, ಒಂದು ಸಹಿ ಎಂಬಲ್ಲಿಗೆ ಮಾತು ಮುಗಿಯಬಾರದು.

ಜಲಸಾಹಸಕ್ಕೆ ಪರವಾನಗಿ ಕೊಡುವ ಕಚೇರಿಗಳು ಎರಡು ಷರತ್ತು ಸೇರಿಸಲಿ ಎಂದು ಕೇಳುತ್ತೇನೆ. ಸಹಿ ಹಾಕಿಸಿಕೊಳ್ಳುವ ಮೊದಲು ಪ್ರತಿಯೊಬ್ಬರನ್ನೂ ಆ ದಿನದ ಅತಿ ದೊಡ್ಡ ಸೆಳವಿನ ದಡಕ್ಕೆ ಕರೆದೊಯ್ದು, ನೀರಿನ ಮಟ್ಟದ ಗುರುತು ತೋರಿಸಿ, ಹತ್ತು ನಿಮಿಷ ನಿಲ್ಲಿಸಬೇಕು. ನೋಡಿದ ಮೇಲೆ ‘ನಾನು ಬರುವುದಿಲ್ಲ’ ಎಂದವರಿಗೆ ಕಟ್ಟಿದ ಹಣವನ್ನು ಅಲ್ಲೇ, ಪೂರ್ತಿಯಾಗಿ, ಮರುಮಾತಿಲ್ಲದೆ ಹಿಂದಿರುಗಿಸಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ನಡೆಯುವುದಿಲ್ಲ, ಯಾಕೆಂದರೆ ಕಟ್ಟಿದ ದುಡ್ಡು ಹೋಗುತ್ತದೆಂಬ ಸಂಕೋಚಕ್ಕೇ ಜನ ದೋಣಿ ಹತ್ತುತ್ತಾರೆ.