ಜೈಲಿನ ಐನೂರು ರೂಪಾಯಿ ಕೂಲಿ ಯಾರ ಮನೆಗೆ ಬರುತ್ತದೆ?

ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಪರಿಚಯದ ಉಮ್ಮ ಒಬ್ಬರು ನಮ್ಮನ್ನು ಬದಿಗೆ ಕರೆದರು. “ಜೈಲಲ್ಲಿ ಕೆಲಸ ಮಾಡಿದ್ರೆ ದಿನಕ್ಕೆ ಐನೂರು ರೂಪಾಯಿ ಕೊಡ್ತಾರಂತಲ್ಲ, ಪೇಪರಲ್ಲಿ ಬಂದಿದೆಯಂತೆ. ನನ್ನ ಮಗ ಒಳಗೆ ಹೋಗಿ ಹದಿನಾಲ್ಕು ತಿಂಗಳಾಯ್ತು. ಅವನ ದುಡ್ಡು ಎಲ್ಲಿಗೆ ಹೋಗ್ತದೆ?” ಕೇಳಿದ್ದು ಜಗಳಕ್ಕಲ್ಲ. ಮನೆ ಬಾಡಿಗೆ ಕಟ್ಟಬೇಕಿತ್ತು, ಅಷ್ಟೆ.

ಪೇಪರಲ್ಲಿ ಬಂದದ್ದು ಸುಳ್ಳಲ್ಲ. ಕರ್ನಾಟಕ ಸರಕಾರ 2022ರ ಕೊನೆಯ ಹೊತ್ತಿಗೆ ಕೈದಿಗಳ ಕೂಲಿಯನ್ನು ದೊಡ್ಡ ಮಟ್ಟದಲ್ಲಿ ಏರಿಸಿತು. ಕೌಶಲ ಇಲ್ಲದವನಿಗೆ ದಿನಕ್ಕೆ 524 ರೂಪಾಯಿ, ಅತಿ ಕುಶಲ ಕೆಲಸಗಾರನಿಗೆ 663 ರೂಪಾಯಿ. ವಾರದ ರಜೆ ಕಳೆದು ತಿಂಗಳಿಗೆ 26 ದಿನ ಅಂತ ಲೆಕ್ಕ ಹಾಕಿದರೆ ಕೆಳಗಿನ ಮಟ್ಟದವನಿಗೂ 13,624 ರೂಪಾಯಿ ಆಗ್ತದೆ. ದೇಶದಲ್ಲೇ ಇದು ಹೆಚ್ಚು ಅಂತ ಆಗ ಹೇಳಿದ್ದರು. ಕಳೆದ ವರ್ಷ ಶಿಕ್ಷೆಗೊಳಗಾದ ಮಾಜಿ ಸಂಸದರೊಬ್ಬರಿಗೆ ಪರಪ್ಪನ ಅಗ್ರಹಾರದಲ್ಲಿ ಗ್ರಂಥಾಲಯ ಗುಮಾಸ್ತನ ಕೆಲಸ ಕೊಟ್ಟದ್ದು, ಅವರ ದಿನಗೂಲಿ ಐನೂರರ ಮೇಲೆ ಚಿಲ್ಲರೆ ಅನ್ನುವುದು ಎಲ್ಲ ಚಾನೆಲ್‌ಗಳಲ್ಲಿ ಬಂತು. ಆ ಉಮ್ಮನ ಕಿವಿಗೆ ಬಿದ್ದದ್ದು ಬಹುಶಃ ಅದೇ ಸುದ್ದಿ.

ಆದರೆ ಈ ಕೂಲಿ ಸಜಾಬಂಧಿಗಳದ್ದು, ಅಂದರೆ ಕೋರ್ಟು ತಪ್ಪಿತಸ್ಥ ಅಂತ ತೀರ್ಪು ಕೊಟ್ಟು ಕಠಿಣ ಸಜೆ ವಿಧಿಸಿದವರದ್ದು. ಅಂಥವನು ಕೆಲಸ ಮಾಡಲೇಬೇಕು, ಸರಕಾರ ಕೂಲಿ ಕೊಡಲೇಬೇಕು. ಆ ಉಮ್ಮನ ಮಗ ವಿಚಾರಣಾಧೀನ ಕೈದಿ. ಅವನ ಕೇಸು ಇನ್ನೂ ನಡೆಯುತ್ತಾ ಇದೆ. ಅವನನ್ನು ಕೆಲಸಕ್ಕೆ ಒತ್ತಾಯಿಸುವ ಹಾಗಿಲ್ಲ. ಅವನಾಗಿ ಕೇಳಿದರೆ, ಅಲ್ಲಿ ಅನುಕೂಲ ಇದ್ದರೆ ಕೊಡಬಹುದು, ಕೊಟ್ಟರೆ ಕೂಲಿಯೂ ಕೊಡಬೇಕು ಅಂತ 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳ್ತದೆ. ‘ಅನುಕೂಲ ಇದ್ದರೆ’ ಅನ್ನುವ ಆ ಎರಡು ಪದಗಳಲ್ಲೇ ಇಡೀ ವಿಷಯ ಸಿಕ್ಕಿಹಾಕಿಕೊಂಡಿದೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5.73 ಲಕ್ಷ ಜನ. ಅದರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದು! ಜೈಲಿನ ಕೈಗಾರಿಕೆ, ತರಬೇತಿ, ಕೂಲಿ ಅಂತ ನಾವು ಓದುವ ಎಲ್ಲವೂ ಉಳಿದ ಕಾಲು ಭಾಗಕ್ಕೆ ಸೇರಿದ್ದು. ನಮ್ಮ ಸಮುದಾಯದ ಮಟ್ಟಿಗೆ ಇನ್ನೊಂದು ಲೆಕ್ಕ ಇದೆ. ಜನಸಂಖ್ಯೆಯಲ್ಲಿ ಮುಸ್ಲಿಮರು ನೂರಕ್ಕೆ ಹದಿನಾಲ್ಕು, ವಿಚಾರಣಾಧೀನರಲ್ಲಿ ಹತ್ತಿರ ಹತ್ತಿರ ಐದರಲ್ಲೊಬ್ಬರು. ಕಾರಣ ಏನು ಅನ್ನುವುದಕ್ಕೆ ಬೇರೆಯೇ ಲೇಖನ ಬೇಕು. ಪೊಲೀಸರ ಕಡೆ ಬೆರಳು ತೋರಿಸಿ ಸುಮ್ಮನಾಗುವವರೂ ಇದ್ದಾರೆ, ನಮ್ಮ ಹುಡುಗರನ್ನೇ ಬೈದು ಸುಮ್ಮನಾಗುವವರೂ ಇದ್ದಾರೆ. ಇಬ್ಬರೂ ಸುಮ್ಮನಾಗುತ್ತಾರೆ ಅನ್ನುವುದೇ ನಮ್ಮ ದೂರು.

ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲು ಜಿಲ್ಲಾ ಕಾರಾಗೃಹ. ಅಲ್ಲಿರುವವರು ಹೆಚ್ಚಿನವರು ಕೇಸು ನಡೆಯುತ್ತಿರುವವರೇ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಬೇಕರಿ ಇದೆ. ಮೈಸೂರು, ಬೆಳಗಾವಿಯಂಥ ಕೇಂದ್ರ ಕಾರಾಗೃಹಗಳಲ್ಲಿ ಮಗ್ಗ, ಮರಗೆಲಸ, ಹೊಲಿಗೆ ಇದೆ. ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಕೃಷಿ ಮಾಡಿಸುವ ಬಯಲು ಬಂದೀಖಾನೆಯೇ ಇದೆ. ಕೊಡಿಯಾಲ್‌ಬೈಲ್ ಜೈಲು ಸುದ್ದಿಗೆ ಬರುವುದು ಬೇರೆ ಕಾರಣಕ್ಕೆ. ಮೊಬೈಲ್ ಸಿಕ್ಕಿತು, ಗಾಂಜಾ ಸಿಕ್ಕಿತು, ಬ್ಯಾರಕ್‌ಗಳ ನಡುವೆ ಹೊಡೆದಾಟ ಆಯಿತು. 2015ರಲ್ಲಿ ಜೈಲಿನೊಳಗೇ ಇಬ್ಬರ ಕೊಲೆಯೂ ನಡೆಯಿತು. ಕಳೆದ ವರ್ಷ ಅಲ್ಲಿ ಜಾಮರ್ ಹಾಕಿದಾಗ ಸುತ್ತಲಿನ ಅಂಗಡಿ, ಮನೆಗಳಿಗೂ ಸಿಗ್ನಲ್ ಹೋಗಿ ಊರೆಲ್ಲ ಗಲಾಟೆ. ಆಗ ಜೈಲಿನ ಬಗ್ಗೆ ಮಾತಾಡಿದಷ್ಟು ಜನ ಮತ್ತೆ ಯಾವಾಗಲೂ ಮಾತಾಡಲಿಲ್ಲ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಹುಡುಗರು ಬೆಳಿಗ್ಗೆಯಿಂದ ಸಂಜೆವರೆಗೆ ಒಳಗೆ ಎಂತ ಮಾಡ್ತಾರೆ ಅಂತ ಆಗಲೂ ಯಾರೂ ಕೇಳಲಿಲ್ಲ. ಕೈಗೆ ಕೆಲಸ ಇಲ್ಲದವನಿಗೆ ಒಳಗೆ ಗುರುಗಳು ಬೇಗ ಸಿಗುತ್ತಾರೆ.

ಇಲ್ಲಿ ಒಂದು ಮಾತು ಬಂದೇ ಬರ್ತದೆ. ತಪ್ಪು ಮಾಡಿದವನಿಗೆ ಸಂಬಳ ಯಾಕೆ, ಹೊರಗೆ ಬೀಡಿ ಕಟ್ಟುವವರಿಗೆ ಅಷ್ಟು ಸಿಗ್ತದಾ ಅಂತ. ಕೇಳುವುದರಲ್ಲಿ ತಪ್ಪಿಲ್ಲ. ಸುಪ್ರೀಂ ಕೋರ್ಟು 1998ರಲ್ಲಿ ಗುಜರಾತ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಕಠಿಣ ಸಜೆಯವನಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಬೇಕು. ಊಟ, ಬಟ್ಟೆಯ ಖರ್ಚು ಕಳೆಯಬಹುದು. ಕೂಲಿಯ ಒಂದು ಪಾಲನ್ನು ಅಪರಾಧಕ್ಕೆ ಬಲಿಯಾದವರ ಕುಟುಂಬಕ್ಕೆ ಕೊಡಲು ರಾಜ್ಯಗಳು ಕಾನೂನು ಮಾಡಬೇಕು. ಈ ಕೊನೆಯ ಮಾತನ್ನು ಕೂಲಿಯನ್ನು ವಿರೋಧಿಸುವವರು ಗಮನಿಸಬೇಕು. ಮಗನನ್ನು ಕಳಕೊಂಡ ಮನೆಗೆ ಹಂತಕನ ದುಡಿಮೆಯಿಂದ ತಿಂಗಳು ತಿಂಗಳು ಏನಾದರೂ ಬರಬೇಕಾದರೆ ಮೊದಲು ಅವನಿಗೆ ದುಡಿಮೆ ಇರಬೇಕಲ್ಲ. ಅದಕ್ಕೂ ಮೊದಲೇ 1983ರಲ್ಲಿ ಕೇರಳ ಹೈಕೋರ್ಟು ಕೈದಿಗಳಿಗೆ ಸರಿಯಾದ ಕೂಲಿ ಕೊಡಬೇಕು ಅಂತ ಹೇಳಿತ್ತು.

ಕೇರಳದ ಮಾತು ಬಂತು. ಮಂಗಳೂರಿನಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋಗುವ ನಮ್ಮವರಿಗೆ ಕಣ್ಣೂರು ಕೇಂದ್ರ ಕಾರಾಗೃಹದ ಪೆಟ್ರೋಲ್ ಪಂಪ್ ಗೊತ್ತಿರಬಹುದು. ಇಂಡಿಯನ್ ಆಯಿಲ್ ಜೊತೆ ಸೇರಿ ನಡೆಸುವ ಪಂಪು, ಪೆಟ್ರೋಲ್ ಹಾಕುವವರು ಕೈದಿಗಳು. ಅಲ್ಲಿಯ ಜೈಲುಗಳಲ್ಲಿ ಮಾಡಿದ ಚಪಾತಿ, ಕೋಳಿ ಸಾರನ್ನು ಜನ ಸಾಲು ನಿಂತು ಕೊಂಡುಹೋಗುತ್ತಾರೆ. ‘ಫ್ರೀಡಂ ಫುಡ್’ ಅಂತ ಹೆಸರು. ಕಾಸರಗೋಡಿನ ಚೀಮೇನಿಯಲ್ಲಿ ಬಯಲು ಜೈಲು ಇದೆ. ಅಲ್ಲಿಯೂ ಕೆಲಸ ಸಿಗುವುದು ಮುಖ್ಯವಾಗಿ ಶಿಕ್ಷೆ ಆದವರಿಗೇ, ಅದನ್ನು ಮರೆಯಬಾರದು. ಆದರೆ ಒಂದು ವ್ಯತ್ಯಾಸ ಇದೆ. ಜೈಲಿನವನ ಕೈಯ ಚಪಾತಿ ತಿಂದ ಊರಿಗೆ ಜೈಲಿನವನ ಮುಖ ಸ್ವಲ್ಪವಾದರೂ ಪರಿಚಯ ಆಗಿರ್ತದೆ. ಅವನು ಹೊರಗೆ ಬಂದು ಹೋಟೆಲಿನಲ್ಲಿ ಕೆಲಸ ಕೇಳಿದಾಗ ಮಾಲೀಕ ಒಂದೇ ಸಲಕ್ಕೆ ಬಾಗಿಲು ಹಾಕುವುದಿಲ್ಲ.

ಕೂಲಿಗಿಂತ ಇದು ದೊಡ್ಡ ವಿಷಯ ಅಂತ ನಮಗೆ ಅನಿಸ್ತದೆ, ಅದರಲ್ಲೂ ಬ್ಯಾರಿ ಮನೆಗಳಿಗೆ. ನಮ್ಮಲ್ಲಿ ಹುಡುಗ ದಾರಿ ತಪ್ಪಿದರೆ ಹಿರಿಯರು ಹೇಳುವ ಮೊದಲ ಮಾತು ಏನು? “ಹೊರಗೆ ಬಂದ ಕೂಡಲೇ ಗಲ್ಫಿಗೆ ಕಳಿಸಿಬಿಡುವ.” ಆದರೆ ಆ ಬಾಗಿಲು ತೆರೆದಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಬಾಕಿ ಇರುವವನಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೇಸು ನಡೆಯುವ ಕೋರ್ಟಿನ ಅನುಮತಿ ತಂದರೆ ಸಿಗ್ತದೆ, ಆದರೆ ಕೋರ್ಟು ಅವಧಿ ಹೇಳದಿದ್ದರೆ ಒಂದೇ ವರ್ಷಕ್ಕೆ. ಒಂದು ವರ್ಷದ ಪಾಸ್‌ಪೋರ್ಟಿಗೆ ವೀಸಾ ಕೊಡುವ ಕಫೀಲ್ ಎಲ್ಲಿದ್ದಾನೆ? ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆ ಆದವನಿಗೆ ತೀರ್ಪಿನ ನಂತರ ಐದು ವರ್ಷ ನಿರಾಕರಿಸಬಹುದು. ಮೇಲೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇರೆ. ಹಾಗಾಗಿ ಆ ಹುಡುಗ ದುಡಿದು ತಿನ್ನಬೇಕಾದ್ದು ಇಲ್ಲಿಯೇ, ಬಂದರು, ಉಳ್ಳಾಲ, ಬಿ.ಸಿ. ರೋಡ್, ಪುತ್ತೂರಿನಲ್ಲೇ. ಇಲ್ಲಿ ಅನ್ನ ಕೊಡುವ ಕೆಲಸ ಎಸಿ ರಿಪೇರಿ, ವೆಲ್ಡಿಂಗ್, ಪ್ಲಂಬಿಂಗ್, ಬೇಕರಿ, ಹೊಲಿಗೆ. ಹದಿನಾಲ್ಕು ತಿಂಗಳಲ್ಲಿ ಇವುಗಳಲ್ಲಿ ಒಂದನ್ನು ಚೆನ್ನಾಗಿಯೇ ಕಲಿಯಬಹುದು.

ಕಲಿಸುವವರು ಜಿಲ್ಲೆಯಲ್ಲಿ ಇಲ್ಲ ಅಂತ ಹೇಳುವ ಹಾಗಿಲ್ಲ. ನಿರುದ್ಯೋಗಿ ಯುವಕರಿಗೆ ಊಟ ವಸತಿ ಕೊಟ್ಟು ಕಸುಬು ಕಲಿಸುವ ರುಡ್‌ಸೆಟ್ 1982ರಲ್ಲಿ ಹುಟ್ಟಿದ್ದೇ ನಮ್ಮ ಉಜಿರೆಯಲ್ಲಿ. ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಕಲಿಸುವವರು ಜೈಲಿನ ಗೇಟಿನೊಳಗೆ ಬರಬೇಕು, ಅದಕ್ಕೆ ಜೈಲಿನಲ್ಲಿ ಜಾಗ ಬೇಕು. ಕೊಡಿಯಾಲ್‌ಬೈಲಿನಲ್ಲಿ ಮಲಗಲಿಕ್ಕೇ ಜಾಗ ಸಾಲುವುದಿಲ್ಲ ಅನ್ನುವುದು ಗೊತ್ತಿದ್ದದ್ದೇ. ಆದರೆ ಮುಡಿಪು ಬಳಿ ಹೊಸ ಕಾರಾಗೃಹದ ಕೆಲಸ ವರ್ಷಗಳಿಂದ ನಡೆಯುತ್ತಾ ಇದೆ. ಅಲ್ಲಿ ಗೋಡೆ ಎಷ್ಟು ಎತ್ತರ, ಕ್ಯಾಮರಾ ಎಷ್ಟು ಅಂತ ಕೇಳುವ ಜನಪ್ರತಿನಿಧಿಗಳು ವಿಚಾರಣಾಧೀನರಿಗೆ ತರಬೇತಿ ಶೆಡ್ಡು ಎಷ್ಟು ಅಂತಲೂ ಕೇಳಲಿ. ಕಟ್ಟಿ ಮುಗಿದ ಮೇಲೆ ಕೇಳಿದರೆ ‘ಅನುಕೂಲ ಇಲ್ಲ’ ಅನ್ನುವ ಅದೇ ಉತ್ತರ ಬರ್ತದೆ. ಕೊಡುವ ಸರ್ಟಿಫಿಕೇಟಿನಲ್ಲಿ ಐಟಿಐ ಅಥವಾ ತರಬೇತಿ ಸಂಸ್ಥೆಯ ಹೆಸರಿರಲಿ, ಜೈಲಿನದ್ದು ಬೇಡ. ಕಾರಾಗೃಹದ ಮೊಹರು ಇರುವ ಕಾಗದ ಹಿಡಿದು ಯಾವ ಗ್ಯಾರೇಜಿಗೆ ಹೋಗುವುದು?

ಕೆಲಸ ಅಂದ ಮಾತ್ರಕ್ಕೆ ಎಲ್ಲ ಕೆಲಸವೂ ಒಂದೇ ಅಲ್ಲ. ಜಾತಿ ನೋಡಿ ಒಬ್ಬನಿಗೆ ಅಡುಗೆ, ಇನ್ನೊಬ್ಬನಿಗೆ ಕಕ್ಕಸು ತೊಳೆಯುವುದು ಅಂತ ಹಂಚುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ರದ್ದು ಮಾಡಿದೆ. ನಮ್ಮ ರಾಜ್ಯದ ನಿಯಮಗಳೂ ಆ ಪ್ರಕರಣದಲ್ಲಿ ಇದ್ದವು.

ಇನ್ನು ಮನೆಯವರು ಮಾಡಬಹುದಾದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೀಗೆ ಹೇಳ್ತದೆ: ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆ ಆಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಬೇರೆಯವರಿಗೆ ಅರ್ಧ ಭಾಗ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯಬೇಕಾದ್ದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಹಳೆ ಕೇಸುಗಳಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟು ಹೇಳಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಇದ್ದವನಿಗೂ ಇಲ್ಲ. ನಮ್ಮ ಕೆಲವು ಹುಡುಗರು ಸಿಕ್ಕಿಬೀಳುವುದು ಇಲ್ಲಿಯೇ.

ಜಾಮೀನು ಸಿಕ್ಕಿಯೂ ಹಣ ಇಲ್ಲದೆ ಒಳಗೆ ಉಳಿದವರಿಗೆ ಕೇಂದ್ರ ಸರಕಾರದ ಬಡ ಕೈದಿಗಳ ನೆರವು ಯೋಜನೆ ಇದೆ. 2023ರಲ್ಲಿ ಶುರುವಾದಾಗ ವಿಚಾರಣಾಧೀನನಿಗೆ 40,000 ರೂಪಾಯಿ ತನಕ, ದಂಡ ಕಟ್ಟಲಾಗದ ಸಜಾಬಂಧಿಗೆ 25,000 ತನಕ ಅಂತ ಇತ್ತು. ಗಾಂಜಾ, ಎಂಡಿಎಂಎ ಅಂತ ಮಾದಕ ದ್ರವ್ಯ ಕಾಯ್ದೆಯಡಿ ಸಿಕ್ಕಿಬಿದ್ದವರಿಗೆ ಇದು ಸಿಗುವುದಿಲ್ಲ. ಉಳಿದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. ಪಳ್ಳಿಯ ಜಮಾಅತ್‌ನವರು ಮದುವೆಗೆ, ಮನೆ ಕಟ್ಟಲಿಕ್ಕೆ ಸಹಾಯ ಮಾಡುವ ಹಾಗೆ ತಮ್ಮ ಮೊಹಲ್ಲಾದಲ್ಲಿ ಯಾರ ಮಗ ಎಷ್ಟು ತಿಂಗಳಿಂದ ಒಳಗಿದ್ದಾನೆ, ಯಾವ ಕಲಂ, ಮುಂದಿನ ದಿನಾಂಕ ಯಾವಾಗ ಅಂತ ಒಂದು ಪುಸ್ತಕ ಇಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ. ಮರ್ಯಾದೆಯ ಪ್ರಶ್ನೆ ಅಂತ ಮುಚ್ಚಿಟ್ಟುಕೊಂಡ ಮನೆಗಳೇ ಹೆಚ್ಚು ಸೋತಿವೆ.

ಆ ಉಮ್ಮನಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. “ಅವನಿಗೆ ಕೂಲಿ ಇಲ್ಲ” ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅವನಿಗೆ ಏನಾದ್ರೂ ಕಲಿಸ್ತಾರಾ?” ಅಂತ ಕೇಳಿದರು. ಬರುವ ವಾರ ಅವರನ್ನು ಕರಕೊಂಡು ಪ್ರಾಧಿಕಾರದ ಕಚೇರಿಗೆ ಹೋಗುವವರಿದ್ದೇವೆ. ಎಫ್‌ಐಆರ್ ಪ್ರತಿ, ರಿಮಾಂಡ್ ದಿನಾಂಕ, ಆಧಾರ್ ಕಾರ್ಡು ತೆಗೆದಿಡಿ ಅಂತ ಹೇಳಿದ್ದೇವೆ.